ಪಾಳು ಮಿಲ್ಲಿನಲ್ಲಿ ಪರದೆ ಕಟ್ಟುವ ಮೊದಲು

ಊರಿಗೊಂದು ಇಂಥ ಕಟ್ಟಡ ಇದ್ದೇ ಇರುತ್ತದೆ. ಬಾಯ್ಲರ್ ತಣ್ಣಗಾಗಿ ಎಷ್ಟೋ ಕಾಲವಾದ ಅಕ್ಕಿ ಮಿಲ್ಲು, ಚಿಮಣಿ ಮಾತ್ರ ಉಳಿದ ಹೆಂಚಿನ ಕಾರ್ಖಾನೆ, ಮಕ್ಕಳು ಸಾಲದೆ ಬೀಗ ಬಿದ್ದ ಶಾಲೆ, ವಾರಸುದಾರರೆಲ್ಲ ಬೆಂಗಳೂರು ಸೇರಿದ ದೊಡ್ಡ ಮನೆ. ಬಸ್ಸಿನ ಕಿಟಕಿಯಿಂದ ನೋಡಿ "ಇಲ್ಲೊಂದು ನಾಟಕ ಆಡಬಹುದಿತ್ತಲ್ಲ" ಎಂದು ಅನ್ನಿಸಿದ್ದರೆ ಮುಂದೆ ಓದಿ.

ನಮಗೂ ಹಾಗೇ ಅನ್ನಿಸಿತ್ತು. ನಾವು ಆರು ಜನ, ಕರಾವಳಿಯ ಒಂದು ಸಣ್ಣ ಪೇಟೆ, ಒಂದು ಹಳೇ ಕುಚ್ಚಲಕ್ಕಿ ಮಿಲ್ಲು. ಬೀಗದ ಕೈ ಸಿಕ್ಕಿದ ವಾರವೇ ಬಣ್ಣದ ಡಬ್ಬಿ ತಂದೆವು. ಗೋಡೆ ತುಂಬ ಯಕ್ಷಗಾನದ ಕಿರೀಟ, ದೋಣಿ, ಮೀನು. ಫೋಟೋ ಏನೋ ಚೆನ್ನಾಗಿ ಬಂತು. ಜೋರು ಮಳೆಯ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿ, ಕಿರೀಟ ಸಮೇತ ನೆಲಕ್ಕೆ ಬಿತ್ತು. ಎಲ್ಲಕ್ಕಿಂತ ಕೊನೆಗೆ ಮಾಡಬೇಕಾದ ಕೆಲಸವನ್ನು ನಾವು ಮೊದಲು ಮಾಡಿ ಕೂತಿದ್ದೆವು. ಮತ್ತೆ ಮೊದಲಿಂದ ಶುರು ಮಾಡಿದಾಗ ಹಿಡಿದ ದಾರಿ ಇದು.

1. ಅಕ್ಕಪಕ್ಕದ ಮನೆಯಲ್ಲಿ ಚಹಾ ಕುಡಿಯಿರಿ

ಕಟ್ಟಡ ಖಾಲಿ ಅಂತ ನಮಗೆ ಕಾಣುತ್ತದೆ. ಅಲ್ಲೇ ಇರುವವರಿಗೆ ಅದು ಖಾಲಿ ಅಲ್ಲ. ಯಾರೋ ಜಗಲಿಯಲ್ಲಿ ಸೌದೆ ಒಟ್ಟಿರುತ್ತಾರೆ, ಯಾರದ್ದೋ ದನ ಮಳೆಗೆ ಅಲ್ಲಿ ನಿಲ್ಲುತ್ತದೆ, ಹುಡುಗರು ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ. ಇವರನ್ನೆಲ್ಲ ಎಬ್ಬಿಸಿ "ಸಮುದಾಯ ಕಲಾಕೇಂದ್ರ" ಅಂತ ಬೋರ್ಡು ಹಾಕಿದರೆ ಆ ಸಮುದಾಯ ಯಾವುದು ಅಂತ ಅವರೇ ಕೇಳುತ್ತಾರೆ. ಕೇಳಲೇಬೇಕು ಕೂಡ.

ಹತ್ತು ಮನೆಗೆ ಹೋಗಿ. ಎರಡೇ ಪ್ರಶ್ನೆ ಸಾಕು. ಇದು ಮೊದಲು ಹೇಗಿತ್ತು? ಇಲ್ಲಿ ಏನಿದ್ದರೆ ನಿಮಗೆ ಉಪಯೋಗ? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ನಾವು ನಾಟಕ ನಾಟಕ ಅಂತ ಕುಣಿಯುತ್ತಿದ್ದೆವು. ಅವರು ಕೇಳಿದ್ದು ಸಂಜೆ ಮಕ್ಕಳು ಕೂತು ಓದುವ ಜಾಗ, ಸ್ವಸಹಾಯ ಸಂಘದ ಹೆಂಗಸರು ವಾರಕ್ಕೊಮ್ಮೆ ಸೇರಲು ಒಂದು ಸೂರು.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ರಿಕ್ ಲೋ ಎಂಬ ಕಲಾವಿದರಿಗೂ ಇಂಥದ್ದೇ ಪಾಠ ಆಯಿತು. ಅವರು ಬಡತನ, ಅನ್ಯಾಯದ ಬಗ್ಗೆ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದರು. ಸ್ಟುಡಿಯೋ ನೋಡಲು ಬಂದ ಹೈಸ್ಕೂಲ್ ಹುಡುಗನೊಬ್ಬ, ಈ ಕಷ್ಟ ನಮಗೆ ಗೊತ್ತಿರುವುದೇ, ನೀವು ಕಲಾವಿದರಲ್ವಾ, ಪರಿಹಾರ ಏನಾದರೂ ಮಾಡಬಾರದಾ ಎಂಬ ಅರ್ಥದ ಮಾತು ಹೇಳಿದನಂತೆ. ಆಮೇಲೆ 1993ರಲ್ಲಿ ಲೋ ಮತ್ತು ಇನ್ನೂ ಆರು ಕಲಾವಿದರು ಸೇರಿ ಥರ್ಡ್ ವಾರ್ಡ್ ಎಂಬ ಕಪ್ಪು ಜನರ ಕೇರಿಯಲ್ಲಿ ಪಾಳುಬಿದ್ದಿದ್ದ 22 ಪುಟ್ಟ ಮನೆಗಳನ್ನು ಎತ್ತಿ ನಿಲ್ಲಿಸಿದರು. ರೈಲಿನ ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ ಇರುವ ಮನೆಗಳು. ಕೆಲವನ್ನು ಕಲಾವಿದರಿಗೆ ಬಿಟ್ಟರು. ಕೆಲವನ್ನು ಮಗುವನ್ನು ಒಬ್ಬರೇ ಸಾಕುತ್ತ ಓದು ಮುಂದುವರಿಸುವ ಎಳೆಯ ತಾಯಂದಿರಿಗೆ ಕೊಟ್ಟರು. ಪ್ರಾಜೆಕ್ಟ್ ರೋ ಹೌಸಸ್ ಎಂಬ ಆ ಕೆಲಸ ಇವತ್ತಿಗೂ ನಡೆಯುತ್ತಿದೆ.

2. ಕಾಗದ ಹುಡುಕಿ

ಇದು ಬೋರು ಹೊಡೆಸುವ ಕೆಲಸ. ಬಿಡುವ ಹಾಗಿಲ್ಲ.

ಜಮೀನಿನ ಸರ್ವೆ ನಂಬರ್ ಗೊತ್ತಿದ್ದರೆ ಪಹಣಿಯನ್ನು ಭೂಮಿ ಜಾಲತಾಣದಲ್ಲೇ ನೋಡಬಹುದು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಕಟ್ಟಡವಾದರೆ ಇ-ಸ್ವತ್ತು, ಪಟ್ಟಣವಾದರೆ ಪುರಸಭೆಯ ಖಾತಾ. ಸಾಲ, ಅಡಮಾನ ಏನಾದರೂ ಇದೆಯಾ ಎಂದು ತಿಳಿಯಲು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಇದಕ್ಕೂ ಕಾವೇರಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಳೇ ಮಿಲ್ಲುಗಳು ಜಾಸ್ತಿ ಮುಚ್ಚಿರುವುದೇ ಬ್ಯಾಂಕಿನ ಸಾಲಕ್ಕೆ ಅಥವಾ ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ. ಕೋರ್ಟಿನಲ್ಲಿ ದಾವೆ ಇದ್ದರೆ ಆ ಕಟ್ಟಡದ ಆಸೆ ಬಿಡಿ. ಒಬ್ಬ ಅಣ್ಣ ಪ್ರೀತಿಯಿಂದ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಪೊಲೀಸರ ಜೊತೆ ಬರುತ್ತಾರೆ.

ಮುಚ್ಚಿದ ಸರ್ಕಾರಿ ಶಾಲೆ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಗ್ರಾಮ ಪಂಚಾಯಿತಿಯ ಬೆಂಬಲದ ನಿರ್ಣಯ ಕೈಯಲ್ಲಿದ್ದರೆ ಮಾತು ಸಲೀಸು. ಇನ್ನೊಂದು ವಿಷಯ. ಕೇಂದ್ರ ಪುರಾತತ್ವ ಇಲಾಖೆ ಕಾಪಾಡುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಹಂಪಿ, ಬಾದಾಮಿ, ಶ್ರೀರಂಗಪಟ್ಟಣದ ಕಡೆಯವರು ರಿಪೇರಿಗೆ ಕೈ ಹಾಕುವ ಮೊದಲೇ ಇದನ್ನು ಕೇಳಿಕೊಳ್ಳಬೇಕು.

3. ಟಾರ್ಚು, ಸ್ಕ್ರೂಡ್ರೈವರ್, ಒಬ್ಬ ಎಂಜಿನಿಯರ್

ಒಳಗೆ ಮೊದಲ ಸಲ ಹೋಗುವಾಗ ಗಟ್ಟಿ ಬೂಟು ಇರಲಿ, ತಲೆಗೆ ಹೆಲ್ಮೆಟ್ ಇರಲಿ. ಬೈಕಿನದ್ದಾದರೂ ಪರವಾಗಿಲ್ಲ. ಒಬ್ಬರೇ ಹೋಗಬೇಡಿ. ಅಕ್ಕಿ ಮಿಲ್ಲಿನ ನೆಲದಲ್ಲಿ ಭತ್ತ ನೆನೆಸುವ ತೊಟ್ಟಿ, ಎಲಿವೇಟರ್ ಕೂರಿಸಿದ್ದ ಗುಂಡಿ ಇರುತ್ತವೆ. ಯಂತ್ರ ಗುಜರಿಗೆ ಹೋಗಿರುತ್ತದೆ, ಗುಂಡಿ ಅಲ್ಲೇ ಉಳಿದಿರುತ್ತದೆ, ಮೇಲೆ ಕೊಳೆತ ಹಲಗೆ. ಹಿತ್ತಲಲ್ಲಿ ಬಾವಿ ಇದ್ದರೆ ಅದನ್ನೂ ಮೊದಲು ಗುರುತಿಸಿ, ಹಗ್ಗ ಕಟ್ಟಿ.

ಮೊದಲು ತಲೆ ಎತ್ತಿ ಸೂರು ನೋಡಿ. ಮಂಗಳೂರು ಹೆಂಚಿನ ಸೂರು ನಮ್ಮ ಪುಣ್ಯ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹರಡಿದ ಈ ಹೆಂಚನ್ನು ಒಂದೊಂದಾಗಿ ತೆಗೆದು, ತೊಳೆದು, ವಾಪಸ್ ಹೊದಿಸಬಹುದು. ಒಡೆದದ್ದಕ್ಕೆ ಬದಲಿ ಬೇಕಾದರೆ ಹಳೇ ಮನೆ ಕೆಡವುವ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ. ಕಂಪನಿಯ ಮುದ್ರೆ ನೋಡಿ ತನ್ನಿ, ಬೇರೆ ಬೇರೆ ಕಂಪನಿಯ ಹೆಂಚುಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಹೆಂಚಿಗಿಂತ ಜಾಸ್ತಿ ಚಿಂತೆ ಮಾಡಬೇಕಾದದ್ದು ಅದರ ಕೆಳಗಿನ ಮರದ ಬಗ್ಗೆ. ತೊಲೆ, ಪಕ್ಕಾಸು, ರೀಪುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ. ತುದಿ ಸುಲಭವಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ ಅಥವಾ ಕೊಳೆತಿದೆ ಎಂದರ್ಥ. ಮುಖ್ಯವಾಗಿ ತೊಲೆ ಗೋಡೆಯೊಳಗೆ ಹೋಗುವ ಜಾಗ ನೋಡಿ, ಮಳೆ ನೀರು ಇಳಿದು ಕೊಳೆಯುವುದು ಅಲ್ಲೇ.

ಗೋಡೆಯ ಬಿರುಕಿಗೆ ಒಂದು ಹಳೇ ಉಪಾಯ ಇದೆ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಒಂದು ಮಳೆಗಾಲ ದಾಟಿದರೂ ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ತುಂಬಿದರೆ ಸಾಕಾಗಬಹುದು. ಹಾಗಂತ ಇದನ್ನು ನಂಬಿ ನೂರು ಜನರನ್ನು ಕೂರಿಸಬೇಡಿ. ಹಳೇ ಕಟ್ಟಡದ ಅನುಭವ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಬರವಣಿಗೆಯಲ್ಲಿ ವರದಿ ಕೊಡಬೇಕು. ಈ ಒಂದು ಖರ್ಚಿಗೆ ಮಾತ್ರ ಜಿಪುಣತನ ಬೇಡ. ಮರದ ಅಟ್ಟ ಇದ್ದರೆ ಅದರ ಮೇಲೆ ಒಮ್ಮೆಗೆ ಎಷ್ಟು ಜನ ನಿಲ್ಲಬಹುದು ಅಂತಲೂ ಕೇಳಿ ಬರೆಸಿಕೊಳ್ಳಿ.

ಎಂಜಿನಿಯರ್ "ಕೆಡವಿ" ಎಂದರೆ ಇನ್ನೊಬ್ಬರನ್ನು ಕೇಳಿ. ಇಬ್ಬರೂ ಅದನ್ನೇ ಹೇಳಿದರೆ ಕಟ್ಟಡದ ಒಳಗೆ ಹೋಗಬೇಡಿ. ಅಂಗಳ ಮಾತ್ರ ಬಳಸಲು ಆಗುತ್ತದಾ ನೋಡಿ. ಮಿಲ್ಲಿನ ಭತ್ತ ಒಣಗಿಸುವ ಅಂಗಳಕ್ಕಿಂತ ಒಳ್ಳೇ ಬಯಲು ರಂಗಸ್ಥಳ ಎಲ್ಲಿ ಸಿಗುತ್ತದೆ?

4. ಕರಾರು

ಬಾಯಿಮಾತು ಬೇಡ. ಮಾಲೀಕರು ನಿಮ್ಮ ಸೋದರಮಾವನೇ ಆಗಿದ್ದರೂ ಬೇಡ.

ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಅದಕ್ಕೇ ಎಲ್ಲರೂ 11 ತಿಂಗಳ ಕರಾರು ಬರೆಯುವುದು. ಮೊದಲ ವರ್ಷ ಅದು ಸರಿ. ಆದರೆ ಸೂರಿಗೆ, ಗೋಡೆಗೆ ಲಕ್ಷಗಟ್ಟಲೆ ಹಾಕುವುದಾದರೆ 11 ತಿಂಗಳನ್ನು ನಂಬಿ ಹಾಕಬೇಡಿ. ಕನಿಷ್ಠ ಐದು ವರ್ಷಕ್ಕೆ ನೋಂದಣಿ ಮಾಡಿಸಿ. ಕರಾರಿನಲ್ಲಿ ಇವು ಇರಲಿ: ದೊಡ್ಡ ರಿಪೇರಿ ಯಾರ ಖರ್ಚು, ನಾವು ಹಾಕಿದ ಹಣ ಬಾಡಿಗೆಯಲ್ಲಿ ಕಳೆಯುತ್ತದಾ, ಮಾಲೀಕರು ಮಾರಿದರೆ ನಮಗೆ ಎಷ್ಟು ತಿಂಗಳ ನೋಟಿಸು, ಹಳೇ ಕರೆಂಟ್ ಬಿಲ್ಲು ಮತ್ತು ಕಂದಾಯದ ಬಾಕಿ ಯಾರು ಕಟ್ಟಬೇಕು. ಈ ಕೊನೆಯದನ್ನು ನಾವು ಮರೆತಿದ್ದೆವು. ಹಳೇ ಮೀಟರಿನ ಬಾಕಿ ತೀರಿಸದೆ ಹೊಸ ಸಂಪರ್ಕ ಕೊಡುವುದಿಲ್ಲ ಎಂದಾಗಲೇ ನೆನಪಾದದ್ದು.

ಕರಾರಿಗೆ ಸಹಿ ಹಾಕಲು ನಿಮ್ಮ ಕಡೆಯಿಂದಲೂ ಒಂದು ಸಂಸ್ಥೆ ಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಕನಿಷ್ಠ 7 ಜನ ಸಾಕು. ನಾವು ಆರೇ ಜನ ಇದ್ದೆವಲ್ಲ, ಏಳನೆಯವರಾಗಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಸೇರಿಸಿಕೊಂಡೆವು. ಲೆಕ್ಕ ಬರೆಯುವವರು ಒಬ್ಬರು ಕೊನೆಗೂ ಸಿಕ್ಕರು.

5. ಕ್ಲೀನಿಂಗು

ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ. ಬಾವಲಿಯ, ಪಾರಿವಾಳದ ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು. ಹಾವು ಕಂಡರೆ ಹೊಡೆಯಬೇಡಿ, ಹಾವು ಹಿಡಿಯುವವರನ್ನು ಅಥವಾ ಅರಣ್ಯ ಇಲಾಖೆಯವರನ್ನು ಕರೆಯಿರಿ. ಅಟ್ಟದಲ್ಲಿ ಗೂಬೆ ಮರಿ ಇಟ್ಟಿದ್ದರೆ ಅವು ಹಾರುವ ತನಕ ಆ ಮೂಲೆ ಬಿಟ್ಟುಬಿಡಿ. ಅಪಶಕುನ ಅಂತ ಹೇಳುವವರು ಇರುತ್ತಾರೆ. ಇಲಿ ತಿನ್ನುವ ಹಕ್ಕಿ ಅಂತ ಹೇಳಿ.

ಸಿಮೆಂಟ್ ಶೀಟಿನ ಸೂರಾದರೆ ಹುಷಾರು. ಹಳೇ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಕೊಯ್ಯುವುದು, ಒಡೆಯುವುದು, ಡ್ರಿಲ್ ಹಾಕುವುದು ಬೇಡ. ತೆಗೆಯಲೇಬೇಕಿದ್ದರೆ ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಬೇಕು. ಆ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ, ಶ್ರಮದಾನಕ್ಕೆ ಬಂದ ಕಾಲೇಜು ಹುಡುಗರಿಂದ ಅಲ್ಲ.

ಏನನ್ನೂ ಆತುರದಲ್ಲಿ ಗುಜರಿಗೆ ಕಳಿಸಬೇಡಿ. ಭತ್ತ ಅಳೆಯುವ ಸೇರು, ತುಕ್ಕು ಹಿಡಿದ ತಕ್ಕಡಿ, ಕೂಲಿ ಲೆಕ್ಕದ ಪುಸ್ತಕ, ಗೋಡೆ ಮೇಲೆ ಯಾರೋ ಇದ್ದಿಲಲ್ಲಿ ಬರೆದ ಮೂಟೆ ಲೆಕ್ಕ. ನಾವು ಏನೇ ಚಿತ್ರ ಬರೆದರೂ ಆ ಇದ್ದಿಲ ಗೆರೆಯ ಮುಂದೆ ಸಪ್ಪೆ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲನ್ನು 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದಾಗ ಕಾವಲು ಗೋಪುರವನ್ನು ಉಳಿಸಿಕೊಂಡರು. ಈಗ ಅಲ್ಲಿಗೆ ಹೋದವರ ಕಣ್ಣು ಮೊದಲು ಬೀಳುವುದು ಅದರ ಮೇಲೇ.

6. ದುಡ್ಡು

ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಲೆ, ಪರಂಪರೆಗೆ ಆ ಹಣ ಕೊಡಲು ಕಾನೂನಿನಲ್ಲಿ ಅವಕಾಶ ಇರುವುದು ನಿಜ. ಆದರೆ ಹೊರಗಿನ ಸಂಘದ ಮೂಲಕ ಖರ್ಚು ಮಾಡುವಾಗ ಆ ಸಂಘಕ್ಕೆ ಮೂರು ವರ್ಷದ ಕೆಲಸದ ದಾಖಲೆ ಇರಬೇಕು ಎಂಬ ನಿಯಮವೂ ಇದೆ. ನಿನ್ನೆ ಹುಟ್ಟಿದ ಸಂಘಕ್ಕೆ ಅದು ದೂರದ ಮಾತು. ಮೊದಲ ಮೂರು ವರ್ಷ ಊರಿನ ಹಣದಲ್ಲೇ ನಡೆಸಬೇಕು.

ಹಣಕ್ಕಿಂತ ಸಾಮಾನು ಕೇಳಿ. ಹಾರ್ಡ್‌ವೇರ್ ಅಂಗಡಿಯವರು ಹತ್ತು ಸಾವಿರ ಕೊಡಲು ಹಿಂದೆ ಮುಂದೆ ನೋಡುತ್ತಾರೆ, ಹತ್ತು ಮೂಟೆ ಸುಣ್ಣ ಕೊಡುತ್ತಾರೆ. ಶಾಮಿಯಾನದವರು ಸೀಸನ್ ಇಲ್ಲದ ತಿಂಗಳಲ್ಲಿ ಕುರ್ಚಿ ಬಿಡುತ್ತಾರೆ. ದುಬೈ, ಮುಂಬೈಯಲ್ಲಿರುವ ಊರವರಿಗೆ ಸೂರಿನ ಲೆಕ್ಕ ಬಿಡಿಸಿ ಕಳಿಸಿ: ನೂರು ಹೆಂಚಿಗೆ ಇಷ್ಟು, ಒಂದು ಪಕ್ಕಾಸಿಗೆ ಇಷ್ಟು. "ಕಲೆಗೆ ಸಹಾಯ ಮಾಡಿ" ಅಂದರೆ ಕಿವಿಗೇ ಹಾಕಿಕೊಳ್ಳದವರು ಒಂದು ಪಕ್ಕಾಸಿನ ದುಡ್ಡು ಕಳಿಸುತ್ತಾರೆ.

ಈ ವಿಷಯದಲ್ಲಿ ಶಿಕಾಗೋದ ಕಲಾವಿದ ಥಿಯಾಸ್ಟರ್ ಗೇಟ್ಸ್ ದೊಡ್ಡ ಕಿಲಾಡಿ. ಅಲ್ಲಿ 1923ರ ಒಂದು ಬ್ಯಾಂಕ್ ಕಟ್ಟಡ ಪಾಳುಬಿದ್ದು, ನೆಲಮಾಳಿಗೆಯಲ್ಲಿ ನೀರು ನಿಂತು, ಕೆಡವುವ ಹಂತಕ್ಕೆ ಬಂದಿತ್ತು. ನಗರಾಡಳಿತ ಅದನ್ನು ಅವರಿಗೆ 1 ಡಾಲರಿಗೆ ಕೊಟ್ಟಿತು, ರಿಪೇರಿ ಹಣ ನೀನೇ ಹೊಂದಿಸು ಎಂಬ ಷರತ್ತಿನ ಮೇಲೆ. ಗೇಟ್ಸ್ ಆ ಬ್ಯಾಂಕಿನ ಶೌಚಾಲಯದಲ್ಲಿದ್ದ ಅಮೃತಶಿಲೆಯನ್ನು ತುಂಡು ಮಾಡಿ, ಬಾಂಡಿನ ಹಾಗೆ ಅಕ್ಷರ ಕೆತ್ತಿ, ಒಂದೊಂದನ್ನು 5,000 ಡಾಲರಿಗೆ ಮಾರಿದರು. 2015ರಲ್ಲಿ ಆ ಕಟ್ಟಡ ಗ್ರಂಥಾಲಯ, ಚಿತ್ರಶಾಲೆಯಾಗಿ ತೆರೆಯಿತು. ನಮ್ಮ ಒಡೆದ ಹೆಂಚಿಗೆ ಅಷ್ಟು ಬೆಲೆ ಬರಲಿಕ್ಕಿಲ್ಲ. ಆದರೂ ಊರ ಶಾಲೆಯ ಮಕ್ಕಳಿಂದ ಹೆಂಚಿನ ಮೇಲೆ ಚಿತ್ರ ಬರೆಸಿ ಜಾತ್ರೆಯಲ್ಲಿ ಮಾರಿದೆವು. ಮಕ್ಕಳ ಅಪ್ಪ ಅಮ್ಮಂದಿರೇ ಎಲ್ಲ ಕೊಂಡರು.

7. ರಿಪೇರಿ: ಸೂರು, ನೀರು, ಕರೆಂಟು, ಶೌಚಾಲಯ, ಆಮೇಲೆ ಗೋಡೆ

ಈ ಸಾಲು ತಪ್ಪಿಸಬೇಡಿ. ಸೂರು ಸೋರುತ್ತಿದ್ದರೆ ಕೆಳಗೆ ಮಾಡಿದ್ದೆಲ್ಲ ದಂಡ. ಸೂರಿನ ನಂತರ ಸುತ್ತಲಿನ ಚರಂಡಿ ಬಿಡಿಸಿ. ಗೋಡೆಯ ಬುಡದಲ್ಲಿ ನೀರು ನಿಂತರೆ ಗೋಡೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಹಳೇ ವಯರಿಂಗ್ ಒಂದು ಅಡಿಯೂ ಉಳಿಸಬೇಡಿ. ಹೊಸ ಅರ್ಥಿಂಗ್, ಶಾಕ್ ಹೊಡೆದರೆ ತಾನೇ ಟ್ರಿಪ್ ಆಗುವ ಸ್ವಿಚ್ಚು, ನಾಟಕದ ಲೈಟಿಗೆ ಬೇರೆಯೇ ಲೈನು. ಶೌಚಾಲಯ ಹೆಂಗಸರಿಗೆ ಬೇರೆ, ಒಳಗಿನಿಂದ ಚಿಲಕ, ಬೆಳಕು, ನೀರು. ಇದಿಲ್ಲದಿದ್ದರೆ ನಿಮ್ಮ ಕಲಾಕೇಂದ್ರಕ್ಕೆ ಗಂಡಸರು ಮಾತ್ರ ಬರುತ್ತಾರೆ, ಅದೂ ಅರ್ಧ ಗಂಟೆ. ಹೊರಗೆ ಹೋಗಲು ಎರಡು ಬಾಗಿಲು ಬೇಕು, ಎರಡೂ ಹೊರಕ್ಕೆ ತೆರೆಯಬೇಕು.

ಈಗ ಗೋಡೆ. ನಮ್ಮ ಕಿರೀಟ ಯಾಕೆ ಬಿತ್ತು? ಹಳೇ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆಗೆ ಸುಣ್ಣದ ಗಾರೆ ಇರುತ್ತದೆ. ಅದು ಮಳೆಗಾಲದಲ್ಲಿ ತೇವ ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಹೊರಬರಲು ದಾರಿಯಿಲ್ಲದೆ ಪೇಂಟನ್ನೇ ತಳ್ಳುತ್ತದೆ. ಸಿಮೆಂಟ್ ಪ್ಲಾಸ್ಟರ್ ಮಾಡಿದರೂ ಇದೇ ಕತೆ, ಸ್ವಲ್ಪ ನಿಧಾನವಾಗಿ. ಹಾಗಾಗಿ ಸುಣ್ಣಕ್ಕೆ ಸುಣ್ಣವೇ. ಸಡಿಲವಾದದ್ದನ್ನು ಕೆರೆದು, ಗೋಡೆ ಒದ್ದೆ ಮಾಡಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ತೆಳುವಾಗಿ ಹಚ್ಚಿ. ಒಂದು ವಾರವಾದರೂ ಒದ್ದೆ ಗೋಣಿ ಕಟ್ಟಿ ನಿಧಾನಕ್ಕೆ ಒಣಗಲು ಬಿಡಿ. ಆಮೇಲೆ ಸುಣ್ಣದ ನೀರನ್ನು ತೆಳ್ಳಗೆ ಮೂರ್ನಾಲ್ಕು ಸಲ ಬಳಿಯಿರಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಕನ್ನಡಕ ಮತ್ತು ಗ್ಲೌಸು ಹಾಕಿಕೊಂಡೇ ಕೆಲಸ ಮಾಡಿ. ಗಾರೆ ಕೆಲಸ ಗೊತ್ತಿರುವ ಹಿರಿಯ ಮೇಸ್ತ್ರಿ ಸಿಕ್ಕರೆ ಅವರದ್ದೇ ಮೊದಲ ಶಿಬಿರ ಮಾಡಿ. ನಮ್ಮಲ್ಲಿ ಅತಿ ಹೆಚ್ಚು ಯುವಕರು ಬಂದ ಶಿಬಿರ ಅದು.

ದೊಡ್ಡ ಚಿತ್ರ ಬೇಕೇ ಬೇಕು ಅನ್ನುವವರು ಪ್ಲೈವುಡ್ ಅಥವಾ ದಪ್ಪ ಬಟ್ಟೆಯ ಮೇಲೆ ಬರೆದು, ಗೋಡೆಯಿಂದ ಎರಡು ಬೆರಳು ಅಂತರ ಬಿಟ್ಟು ನೇತುಹಾಕಿ. ಗೋಡೆಗೆ ಗಾಳಿ ಆಡುತ್ತದೆ, ಚಿತ್ರವನ್ನು ಬೇರೆ ಊರಿಗೂ ಒಯ್ಯಬಹುದು. ಎಷ್ಟೋ ಗೋಡೆಗಳಿಗೆ ಏನೂ ಬೇಡ. ಕೊಚ್ಚಿಯಲ್ಲಿ 2012ರ ಡಿಸೆಂಬರ್ 12ರಂದು ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ಶುರು ಮಾಡಿದಾಗ ಅದರ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್ ಆಗಿತ್ತು. 1867ರಲ್ಲಿ ಶುರುವಾದ ವ್ಯಾಪಾರಿ ಕಂಪನಿಯ ಹಳೇ ಗೋದಾಮುಗಳು ಅವು, ಮೆಣಸು, ಶುಂಠಿ, ತೆಂಗಿನೆಣ್ಣೆ ತುಂಬಿಡುತ್ತಿದ್ದ ಜಾಗ. ನೋಡಲು ಹೋದವರು ಚಿತ್ರ ಎಷ್ಟು ನೋಡಿದರೋ ಆ ಸವೆದ ಗೋಡೆಗಳನ್ನೂ ಅಷ್ಟೇ ನೋಡಿದರು.

8. ಮೊದಲ ಕಾರ್ಯಕ್ರಮಕ್ಕೆ ರಿಪೇರಿ ಮುಗಿಯಲಿ ಅಂತ ಕಾಯಬೇಡಿ

ಎಂಜಿನಿಯರ್ ಸರಿ ಅಂದ ಒಂದು ಮೂಲೆ ಅಥವಾ ಅಂಗಳ ಸಾಕು. ಹಗಲು ಹೊತ್ತು, ಮೈಕ್ ಇಲ್ಲದೆ. ನಮ್ಮ ಎರಡನೇ ಆರಂಭದ ಮೊದಲ ಕಾರ್ಯಕ್ರಮ ಒಬ್ಬ ಅಜ್ಜಿಯ ಮಾತು. ಅವರು ಅದೇ ಮಿಲ್ಲಿನಲ್ಲಿ ಭತ್ತ ಬೇಯಿಸಿ ಒಣಗಿಸುವ ಕೆಲಸ ಮಾಡಿದವರು. ಬಿಸಿ ಭತ್ತವನ್ನು ಕಾಲಲ್ಲಿ ಹೇಗೆ ಹರಡುತ್ತಿದ್ದೆವು ಎಂದು ಅಂಗಳದಲ್ಲಿ ನಡೆದು ತೋರಿಸಿದರು. ನಮ್ಮ ತಂಡದ ನೃತ್ಯದ ಹುಡುಗಿ ಆ ನಡಿಗೆಯನ್ನು ಕಲಿತಳು, ಮುಂದೆ ಅದರಿಂದಲೇ ಒಂದು ಪ್ರಯೋಗ ಕಟ್ಟಿದಳು.

ಆಮೇಲೆ ವಾರದ ಪಟ್ಟಿ ಮಾಡಿ, ಗೇಟಿಗೆ ಅಂಟಿಸಿ. ನಮ್ಮಲ್ಲಿ ಸೋಮವಾರದಿಂದ ಶುಕ್ರವಾರ ಸಂಜೆ ಮಕ್ಕಳ ಓದು, ಬುಧವಾರ ಮಧ್ಯಾಹ್ನ ಹೆಂಗಸರ ಸಂಘ, ಶನಿವಾರ ನಾಟಕದ ತಾಲೀಮು, ತಿಂಗಳಿಗೊಂದು ತಾಳಮದ್ದಳೆ. ಭಾನುವಾರ ಅಂಗಳ ಕ್ರಿಕೆಟ್ಟಿನವರದ್ದು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್, ಅದು ಕಾನೂನೂ ಹೌದು, ಪಕ್ಕದ ಮನೆಯ ಮಗುವಿನ ನಿದ್ದೆಯೂ ಹೌದು. ಆವರಣದಲ್ಲಿ ಕುಡಿತ ಇಲ್ಲ, ಕಲಾವಿದರಿಗೂ ಇಲ್ಲ. ಬೀಗದ ಕೈ ಮೂರು ಇರಲಿ, ಅದರಲ್ಲಿ ಒಂದು ಕಲಾವಿದರಲ್ಲದ ಅಕ್ಕಪಕ್ಕದವರ ಬಳಿ. ನಮ್ಮದು ಮೇಷ್ಟ್ರ ಹೆಂಡತಿಯ ಹತ್ತಿರ ಇದೆ. ಅವರು ಕೊಡದಿದ್ದರೆ ತಾಲೀಮು ಇಲ್ಲ.

9. ಬಿಟ್ಟುಹೋಗುವ ದಿನವನ್ನು ಈಗಲೇ ಬರೆದಿಡಿ

ಬರ್ಲಿನ್‌ನ ತಾಖೆಲೆಸ್ ಹಳೇ ಮಳಿಗೆಗಳ ಒಂದು ಕಟ್ಟಡ. 1990ರಲ್ಲಿ ಅದನ್ನು ಸಿಡಿಸಿ ಕೆಡವಲು ದಿನ ಗೊತ್ತಾಗಿತ್ತು. ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ಕಲಾವಿದರು ಒಳಗೆ ಹೊಕ್ಕು ಉಳಿಸಿಕೊಂಡರು. ಸ್ಟುಡಿಯೋ, ಸಿನಿಮಾ, ರಂಗಮಂದಿರ ಎಲ್ಲ ಬಂತು, ಪ್ರಪಂಚದ ಜನ ನೋಡಲು ಬಂದರು. 1998ರಲ್ಲಿ ಹೊಸ ಮಾಲೀಕರು ಹೆಸರಿಗೆ 1 ಮಾರ್ಕ್ ಬಾಡಿಗೆಗೆ ಹತ್ತು ವರ್ಷದ ಕರಾರು ಕೊಟ್ಟರು. ಎಷ್ಟು ಅಗ್ಗ ಅಲ್ವಾ? ಹತ್ತು ವರ್ಷ ಮುಗಿಯಿತು. ಅಷ್ಟರಲ್ಲಿ ಸುತ್ತಲಿನ ಜಾಗದ ಬೆಲೆ ಏರಿತ್ತು, ಏರಿಸಿದವರಲ್ಲಿ ಆ ಕಲಾವಿದರೂ ಇದ್ದರು. 2012ರ ಸೆಪ್ಟೆಂಬರ್‌ನಲ್ಲಿ ಕೊನೆಯವರನ್ನೂ ಹೊರಗೆ ಕಳಿಸಿದರು.

ನಿಮ್ಮ ಪೇಟೆ ಬರ್ಲಿನ್ ಅಲ್ಲ. ಆದರೆ ಪಕ್ಕದಲ್ಲಿ ಹೆದ್ದಾರಿ ಅಗಲವಾದರೆ ಸಾಕು, ಪಾಳು ಮಿಲ್ಲು ಇದ್ದಕ್ಕಿದ್ದಂತೆ ಕಲ್ಯಾಣಮಂಟಪದ ಜಾಗ ಆಗುತ್ತದೆ. ಕರಾರು ಮುಗಿಯುವ ಒಂದು ವರ್ಷ ಮೊದಲೇ ಮಾಲೀಕರ ಜೊತೆ ಕೂತು ಮಾತಾಡಿ. ಆ ಮಾತಿಗೆ ಅಲ್ಲಿ ತನಕದ ಲೆಕ್ಕ, ಬಂದವರ ಹೆಸರಿನ ಪುಸ್ತಕ, ಫೋಟೋಗಳು, ಪಂಚಾಯಿತಿಯ ಪತ್ರ ಜೊತೆಗಿರಲಿ. ಹತ್ತಿರದಲ್ಲಿ ಇನ್ನೊಂದು ಖಾಲಿ ಕಟ್ಟಡದ ಮೇಲೆ ಕಣ್ಣಿಟ್ಟಿರಿ.

ಒಂದು ಪಟ್ಟಿಯನ್ನೂ ಮಾಡಿ, ಎರಡೂ ಕಡೆಯವರು ಸಹಿ ಹಾಕಿ: ಹೋಗುವಾಗ ನಾವು ಒಯ್ಯುವುದು ಏನು, ಕಟ್ಟಡಕ್ಕೆ ಬಿಟ್ಟುಹೋಗುವುದು ಏನು. ನಮ್ಮ ಪಟ್ಟಿಯಲ್ಲಿ ಒಯ್ಯುವ ಕಡೆ ಲೈಟು, ಪರದೆ, ಪುಸ್ತಕದ ಕಪಾಟು, ಪ್ಲೈವುಡ್ ಚಿತ್ರಗಳು ಇವೆ. ಬಿಟ್ಟುಹೋಗುವ ಕಡೆ ಸೂರು, ವಯರಿಂಗ್, ಶೌಚಾಲಯ, ತಕ್ಕಡಿ. ಅಂಗಳದ ಸ್ಟಂಪುಗಳು ಯಾವ ಕಡೆಗೂ ಸೇರಿಲ್ಲ, ಅವು ಹುಡುಗರವು.